ಪಿಕಪ್ ಬಾಡಿ ಧರೆಗೆ ಒರೆಸಿದೆ: ಈಗಲೇ ಟಿಂಕರಿಂಗ್ ಮಾಡಿಸ್ಲಾ, ಮಳೆ ಬಿಡೋತನಕ ಕಾಯ್ಲಾ?

ಕೋಣಂದೂರು ಕೃಷಿಕ:

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಣಂದೂರು ಹತ್ತಿರ ಅಡಿಕೆ ತೋಟ, ಜೊತೆಗೆ ಸ್ವಲ್ಪ ಶುಂಠಿ. ಗಾಡಿ 2016ರ ಬೊಲೆರೊ ಪಿಕಪ್, ಬಿಳಿ ಬಣ್ಣ. ಹೋದ ವಾರ ನಮ್ಮ ಡ್ರೈವರ್ ಹುಡುಗ ತೀರ್ಥಹಳ್ಳಿಯಿಂದ ಗೊಬ್ಬರ ತುಂಬಿಕೊಂಡು ಬರ್ತಿದ್ದ. ಊರೊಳಗಿನ ತಿರುವಲ್ಲಿ ಎದುರಿಂದ ಬಸ್ ಬಂತಂತೆ. ಸೈಡ್ ಕೊಡೋಕೆ ಎಡಕ್ಕೆ ತೆಗೆದಿದಾನೆ. ನೆನೆದ ಮಣ್ಣು, ಚಕ್ರ ಚರಂಡಿಗೆ ಜಾರಿ ಗಾಡಿ ಪೂರಾ ರಸ್ತೆ ಪಕ್ಕದ ಧರೆಗೆ ಒರಗಿತು. ಜಂಬಿಟ್ಟಿಗೆ ಧರೆ ಬೇರೆ, ಕೇಳಬೇಕಾ. ಟ್ರ್ಯಾಕ್ಟರ್ ತಂದು ಎಳೆಯೋವಾಗ ಇನ್ನೊಂದು ಮಾರು ಒರೆಸಿಕೊಂಡೇ ಬಂತು. ಹುಡುಗನಿಗೆ ಏನೂ ಆಗಲಿಲ್ಲ, ಅದೇ ಪುಣ್ಯ.

ಈಗ ಎಡಗಡೆ ಬಾಗಿಲಿನ ಕೆಳಭಾಗದಿಂದ ಹಿಡಿದು ಹಿಂದಿನ ಬಾಡಿಯ ಪಕ್ಕದ ತಗಡು ಮುಗಿಯೋತನಕ ಗೀರು ಬಿದ್ದಿದೆ. ಬಾಗಿಲ ಮೇಲೆ ತೆಳು, ಅಲ್ಲಲ್ಲಿ ಒಳಗಿನ ಬೂದು ಬಣ್ಣ ಕಾಣ್ತದೆ. ಹಿಂದಿನ ಚಕ್ರದ ಮೇಲೆ ತಗಡು ಊಟದ ತಟ್ಟೆ ಅಗಲಕ್ಕೆ ಒಳಗೆ ಹೋಗಿದೆ, ನಡುವೆ ಒಂದು ಮಡಿಕೆ ಬಿದ್ದಿದೆ. ಅಲ್ಲಿ ಬಣ್ಣ ಪೂರಾ ಎದ್ದು ಕಬ್ಬಿಣ ಕಾಣ್ತಿತ್ತು, ಈಗ ಕೆಂಪಗಾಗಿದೆ. ಫೋಟೊ ಹಾಕಿದೀನಿ ನೋಡಿ.

ಶಿವಮೊಗ್ಗದಲ್ಲಿ ಒಂದು ಕಡೆ ಎಡಗಡೆ ಪೂರ್ತಿ ಬಣ್ಣ ಸೇರಿ 22 ಸಾವಿರ ಹೇಳಿದ್ರು. ನಮ್ಮ ಕಡೆ ಟಿಂಕರ್ ಒಬ್ಬರು 8 ಸಾವಿರಕ್ಕೆ ಮಾಡಿಕೊಡ್ತೀನಿ ಅಂದ್ರು, ಆದರೆ "ಈ ಮಳೇಲಿ ಬಣ್ಣ ಹೊಡೆಯಲ್ಲ, ನವೆಂಬರಿಗೆ ತನ್ನಿ" ಅಂತಾರೆ. ನವೆಂಬರಿಗೆ ನಮ್ಮಲ್ಲಿ ಕೊಯ್ಲು ಶುರು, ಗಾಡಿ ಒಂದು ದಿನ ಬಿಟ್ಟಿರೋಕೆ ಆಗಲ್ಲ. ಈಗ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸ್ತಾ ಇದೀವಿ, ಡ್ರಮ್ಮು, ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ ಎಲ್ಲ ಇದರಲ್ಲೇ ಓಡಾಡ್ತದೆ. ಇನ್ಶೂರೆನ್ಸ್ ಕ್ಲೇಮ್ ಮಾಡಿದರೆ ಲಾಭವಾ? ಬಲ್ಲವರು ಹೇಳಿ.


ಬೊಮ್ಮನಕಟ್ಟೆ ಹುಡುಗ:

ಅಣ್ಣಾ, ಯೂಟ್ಯೂಬಲ್ಲಿ ನೋಡಿ. ಕುದಿಯೋ ನೀರು ಹಾಕಿ ಒಳಗಿಂದ ತಳ್ಳಿದ್ರೆ ಡೆಂಟ್ ಟಪ್ ಅಂತ ಹೊರಗೆ ಬರುತ್ತೆ. ಸ್ಪ್ರೇ ಡಬ್ಬ ಆನ್‌ಲೈನಲ್ಲಿ ಸಿಗುತ್ತೆ, ಬಿಳಿ ತಾನೆ, ಮನೇಲೇ ಹೊಡ್ಕೊಳ್ಳಿ. 22 ಸಾವಿರ ಯಾರು ಕೊಡ್ತಾರೆ!


ಭದ್ರಾವತಿ ಎಂಕೆ:

ಇನ್ಶೂರೆನ್ಸ್ ಬಗ್ಗೆ ಮಾತ್ರ ಹೇಳ್ತೀನಿ, ಟಿಂಕರಿಂಗ್ ನನಗೆ ಗೊತ್ತಿಲ್ಲ.

ಮೊದಲು ನಿಮ್ಮ ಪಾಲಿಸಿ ಶೆಡ್ಯೂಲ್ ತೆಗೆದು "ಐಎಂಟಿ 23" ಅನ್ನೋ ಷರತ್ತು ಸೇರಿಸಿದಾರಾ ನೋಡಿ. ಸರಕು ಸಾಗಿಸೋ ಗಾಡಿಗೆ ಕಾರಿನ ನಿಯಮ ಅನ್ವಯ ಆಗಲ್ಲ. ಕಮರ್ಷಿಯಲ್ ಗಾಡಿಯ ಪಾಲಿಸಿಗೆ ಐಎಂಟಿ 21 ಅಂತ ಒಂದು ಷರತ್ತು ಅಂಟಿಕೊಂಡಿರುತ್ತೆ. ಅದರ ಪ್ರಕಾರ ಲೈಟು, ಟೈರು, ಮಡ್‌ಗಾರ್ಡ್, ಬಾನೆಟ್, ಪಕ್ಕದ ಭಾಗಗಳು, ಬಂಪರ್, ಜೊತೆಗೆ ಏಟು ಬಿದ್ದ ಜಾಗದ ಬಣ್ಣ, ಇವಕ್ಕೆ ದುಡ್ಡು ಬರಲ್ಲ. ಗಾಡಿ ಪೂರ್ತಿ ನಾಶ ಆದರೆ ಮಾತ್ರ ಇವೂ ಸೇರ್ತವೆ. ಪ್ರೀಮಿಯಮ್ ಜಾಸ್ತಿ ಕಟ್ಟಿ ಐಎಂಟಿ 23 ಸೇರಿಸಿಕೊಂಡಿದ್ರೆ ಈ ಹೊರಗಿಟ್ಟ ಭಾಗಗಳು ಒಳಗೆ ಬರ್ತವೆ. ಪ್ರೀಮಿಯಮ್ ಕಡಿಮೆ ತೋರಿಸೋಕೆ ಏಜೆಂಟರು ಅದನ್ನ ಬಿಟ್ಟಿರ್ತಾರೆ, ನಾವೂ ಕೇಳಿರಲ್ಲ. ನಿಮಗಾಗಿರೋದು ಸರಿಯಾಗಿ ಪಕ್ಕದ ಭಾಗ ಮತ್ತು ಬಣ್ಣ. ಅಂದರೆ 23 ಇಲ್ಲದಿದ್ರೆ ಕ್ಲೇಮಿನ ಮಾತು ಇಲ್ಲಿಗೇ ಮುಗೀತು.

ಇದ್ದರೂ ಪೂರ್ತಿ ಬರಲ್ಲ. ಬಣ್ಣದ ಸಾಮಾನಿನ ಖರ್ಚಿಗೆ 50% ಸವಕಳಿ ಹಿಡೀತಾರೆ. ಬಿಲ್ಲಿನಲ್ಲಿ ಸಾಮಾನು, ಕೂಲಿ ಬೇರೆ ಬೇರೆ ಬರೆದಿಲ್ಲ ಅಂದ್ರೆ ಒಟ್ಟು ಪೇಂಟಿಂಗ್ ಬಿಲ್ಲಿನ 25% ಅನ್ನು ಸಾಮಾನು ಅಂತ ಲೆಕ್ಕ ಹಾಕಿ, ಅದರಲ್ಲಿ ಅರ್ಧ ಕಳೀತಾರೆ. ಹಾಗಾಗಿ ಪೇಂಟಿಂಗ್ ಬಿಲ್ ಒಟ್ಟಿಗೇ ಇದ್ದರೆ ನಿಮಗೆ ತೊಂದರೆ ಇಲ್ಲ, ಒಂದೊಂದು ಸಲ ಅದೇ ಒಳ್ಳೇದು. ಇದರ ಮೇಲೆ ಕಡ್ಡಾಯ ಕಡಿತ ಬೇರೆ ಇದೆ, ಅಷ್ಟು ದುಡ್ಡು ನಾವೇ ಹಾಕಬೇಕು.

ಇನ್ನೊಂದು, ನೋ ಕ್ಲೇಮ್ ಬೋನಸ್. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಮ್ಮಲ್ಲಿ ಸಿಗೋ ರಿಯಾಯಿತಿ ಅದು, 20, 25, 35, 45, 50% ಅಂತ ಮೆಟ್ಟಿಲು ಹತ್ತಿಕೊಂಡು ಹೋಗೋದು. ಒಂದು ಕ್ಲೇಮ್ ಮಾಡಿದರೆ ಮುಂದಿನ ನವೀಕರಣಕ್ಕೆ ಸೊನ್ನೆ. 50ರಲ್ಲಿ ಇದ್ರೆ 8 ಸಾವಿರದ ಕೆಲಸಕ್ಕೆ ಅದನ್ನ ಕಳ್ಕೊಳ್ಳೋದು ನನ್ನ ಪ್ರಕಾರ ದಡ್ಡತನ. ಕ್ಲೇಮ್ ಮಾಡೋದೇ ಅಂದ್ರೆ ಸರ್ವೇಯರ್ ನೋಡೋ ಮುಂಚೆ ಸುತ್ತಿಗೆ ಮುಟ್ಟಿಸಬೇಡಿ.


ಸಾಗರದ ಟಿಂಕರ್:

ಫೋಟೊ ನೋಡಿದೆ. ನಾನು ಸುತ್ತಿಗೆ ಹಿಡಿದು ಬದುಕಿದವ, ಅಂಗಡಿ ಈಗ ಮಗ ನೋಡ್ಕೊಳ್ತಾನೆ. ಹಾಗಾಗಿ ಗಿರಾಕಿ ಹಿಡಿಯೋಕೆ ಬರೀತಿಲ್ಲ.

ನೀವು ಡೆಂಟಿನ ಚಿಂತೆ ಮಾಡ್ತಿದೀರಿ. ಡೆಂಟ್ ಎಲ್ಲಿಗೆ ಓಡಿ ಹೋಗ್ತದೆ ಮಾರಾಯ್ರೆ? ನವೆಂಬರಿಗೂ ಅಷ್ಟೇ ಆಳ ಇರ್ತದೆ, ಮುಂದಿನ ವರ್ಷಕ್ಕೂ ಅಷ್ಟೇ. ಬೆಳೆಯೋದು ಗೀರು. ಕಬ್ಬಿಣ ಕಂಡ ಜಾಗ ನಮ್ಮ ಮಳೇಲಿ ರಾತ್ರಿ ಬೆಳಗಾಗೋದ್ರೊಳಗೆ ಕೆಂಪಾಗ್ತದೆ. ಕೆಂಪಾದ ಮೇಲೆ ಸುಮ್ಮನೆ ಇರಲ್ಲ, ಪಕ್ಕದ ಒಳ್ಳೆ ಬಣ್ಣದ ಅಡಿಗೆ ನುಗ್ಗಿ ಗುಳ್ಳೆ ಎಬ್ಬಿಸ್ತದೆ. ನವೆಂಬರಿಗೆ ಹೋದಾಗ ಬೆರಳಗಲದ ಗೀರಿಗೆ ಅಂಗೈ ಅಗಲ ಬಣ್ಣ ಕೆರೀಬೇಕಾಗ್ತದೆ.

ಅದರಲ್ಲೂ ನಿಮ್ಮ ಗಾಡೀಲಿ ಮೈಲುತುತ್ತ ಓಡಾಡ್ತದೆ ಅಂದ್ರಿ. ಕೊಳೆ ಔಷಧಿ ಕಲಸಿದ ಮೇಲೆ ಕತ್ತಿ ಅದ್ದಿ ನೋಡ್ತೀರಲ್ಲ? ಕತ್ತಿ ಮೇಲೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು, ಇನ್ನೊಂದಿಷ್ಟು ಹಾಕು ಅಂತೀರಿ. ಅಲ್ಲಿ ಆಗೋದು ಏನು? ಕಬ್ಬಿಣ ಕರಗಿ ಅದರ ಜಾಗಕ್ಕೆ ತಾಮ್ರ ಬಂದು ಕೂತ್ಕೊಳ್ತದೆ. ಬಣ್ಣ ಎದ್ದ ತಗಡಿನ ಮೇಲೆ ಮೈಲುತುತ್ತದ ನೀರು ಸಿಡಿದರೂ ಅದೇ ಆಗೋದು. ತಾಮ್ರ ಕೂತ ಕಬ್ಬಿಣ ಬರೀ ಕಬ್ಬಿಣಕ್ಕಿಂತ ಬೇಗ ತುಕ್ಕು ಹಿಡೀತದೆ. ಪೊಟ್ಯಾಶ್ ಗೊಬ್ಬರವೂ ಅದೇ ಜಾತಿ, ಅದರಲ್ಲಿ ಕ್ಲೋರೈಡ್ ಇದೆ. ಹಾಗಾಗಿ ನಿಮ್ಮ ಟಿಂಕರ್ ಬಣ್ಣದ ವಿಷಯದಲ್ಲಿ ಹೇಳಿದ್ದು ಸರಿ, ಆದರೆ ನವೆಂಬರ್ ತನಕ ಹಾಗೇ ಓಡಿಸಿ ಅಂದಿದ್ರೆ ಅದು ತಪ್ಪು.

ನಾನು ಹೇಳೋದು, ಕೆಲಸ ಎರಡು ಭಾಗ ಮಾಡಿ. ತಗಡಿನ ಕೆಲಸ ಮತ್ತು ನೀರು ತಡೆಯೋ ಪ್ರೈಮರ್ ಈಗ. ತಗ್ಗು ಸಮ ಮಾಡೋ ಪುಟ್ಟಿ, ಬಣ್ಣ ಕೊಯ್ಲು ಮುಗಿದ ಮೇಲೆ, ಫೆಬ್ರವರಿಗೋ ಮಾರ್ಚಿಗೋ. ಆಗ ಗಾಡಿಗೂ ಬಿಡುವು, ಗಾಳಿಯೂ ಒಣಗಿರ್ತದೆ. ಸುತ್ತಿಗೆಗೆ ಮಳೆ ಲೆಕ್ಕ ಇಲ್ಲ, ಬಣ್ಣಕ್ಕೆ ಮಾತ್ರ ಇರೋದು.

ಬಾಗಿಲ ಗೀರು ಮೊದಲು. ಉಗುರು ಅಡ್ಡ ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದೆ ಜಾರಿದ್ರೆ ಮೇಲ್ಮೈ ಗೀರು, ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿದರೆ ಹೋಗ್ತದೆ. ಉಜ್ಜಿದ ಬಟ್ಟೆಗೆ ಬಿಳಿ ಹತ್ತಿದರೆ ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಹೊಳಪಿನ ಪದರ) ಇಲ್ಲ, ಬಣ್ಣವೇ ಮೇಲಿರೋದು ಅಂತ ಅರ್ಥ. ಹಾಗಿದ್ರೆ ಕೈ ಹಗುರ ಇಟ್ಕೊಳ್ಳಿ. ಬೂದು ಕಾಣೋ ಕಡೆ ಕಂಪನಿ ಪ್ರೈಮರ್ ಇನ್ನೂ ಇದೆ, ಅಲ್ಲಿ ತೊಳೆದು ಒಣಗಿಸಿ ಸಣ್ಣ ಬ್ರಷ್ಷಲ್ಲಿ ಟಚಪ್ ಬಣ್ಣ ಕೊಟ್ಟರೆ ಈ ಮಳೆಗಾಲಕ್ಕೆ ಸಾಕು.

ಚಕ್ರದ ಮೇಲಿನ ಜಾಗ ಬೇರೆ. ಅಲ್ಲಿ ಮಡಿಕೆ ಬಿದ್ದಿದೆ, ಬಣ್ಣ ಹೋಗಿದೆ. ಬಣ್ಣ ಮುಟ್ಟದೆ ಒಳಗಿಂದ ಸರಳು ಹಾಕಿ ಎತ್ತೋ ಕೆಲಸ ಈಗ ಪೇಟೆಗಳಲ್ಲಿ ಮಾಡ್ತಾರೆ, ಅದು ಮಡಿಕೆ ಇಲ್ಲದ, ಬಣ್ಣ ಒಡೆಯದ ಡೆಂಟಿಗೆ ಮಾತ್ರ. ಬೊಮ್ಮನಕಟ್ಟೆ ತಮ್ಮ ಹೇಳಿದ ಬಿಸಿನೀರು ಪ್ಲಾಸ್ಟಿಕ್ ಬಂಪರಿಗೆ ಸರಿ, ಬಿಸಿಗೆ ಮೆತ್ತಗಾಗಿ ವಾಪಸ್ ಬರ್ತದೆ. ಕಬ್ಬಿಣದ ತಗಡಿಗೆ ಕುದಿಯೋ ನೀರು ಹಾಕಿದರೆ ಗಾಡಿ ತೊಳೆದ ಹಾಗೆ ಆಗ್ತದೆ, ಅಷ್ಟೆ.

ಟಿಂಕರ್ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ. ಗುಂಡಿಯ ನಡುವಿಗೇ ಒಳಗಿಂದ ಸುತ್ತಿಗೆ ಬಾರಿಸೋಕೆ ಶುರು ಮಾಡಿದರೆ ನಿಲ್ಲಿಸಿ. ತಗಡು ಅಂಚಿಂದ ಬಿಡಿಸಿಕೊಂಡು ಬರಬೇಕು. ಮೊದಲು ಮಡಿಕೆಯ ಎರಡು ತುದಿ, ಆಮೇಲೆ ಸುತ್ತಿನ ಉಬ್ಬು, ಕೊನೆಗೆ ನಡು. ಒಳಗೆ ಡಾಲಿ ಅನ್ನೋ ಕಬ್ಬಿಣದ ಗಟ್ಟಿ ಹಿಡಿದು ಹೊರಗಿನ ಉಬ್ಬಿನ ಮೇಲೆ ಹಗುರಾಗಿ ತಟ್ಟಬೇಕು. ನಡುವಿಗೆ ಬಾರಿಸಿದರೆ ತಗಡು ಹಿಗ್ಗಿ, ಕೈಯಲ್ಲಿ ಒತ್ತಿದರೆ ಡಬ್ ಡಬ್ ಅನ್ನೋ ಎಣ್ಣೆ ಡಬ್ಬದ ತಳದ ಹಾಗೆ ಆಗ್ತದೆ. ಆಮೇಲೆ ಅದನ್ನ ಕುಗ್ಗಿಸೋಕೆ ಗ್ಯಾಸಲ್ಲಿ ಚುಕ್ಕೆ ಚುಕ್ಕೆ ಕೆಂಪಗೆ ಕಾಯಿಸಿ ಒದ್ದೆ ಬಟ್ಟೆ ಒತ್ತಬೇಕು, ಅದು ಎಲ್ಲರ ಕೈಲಿ ಆಗೋದಲ್ಲ. ಕೈ ಹೋಗದ ಜಾಗಕ್ಕೆ ವಾಷರ್ ವೆಲ್ಡ್ ಮಾಡಿ ಸ್ಲೈಡ್ ಹ್ಯಾಮರಲ್ಲಿ (ಸರಳಿನ ಮೇಲೆ ಜಾರೋ ತೂಕದ ಸುತ್ತಿಗೆ) ಎಳೀತಾರೆ. ವೆಲ್ಡಿಂಗ್ ಶುರುವಿಗೆ ಮುಂಚೆ ಬ್ಯಾಟರಿ ನೆಗೆಟಿವ್ ವೈರ್ ಬಿಚ್ಚಿಸಿ.

ತಗಡು ಒಂದು ಹದಕ್ಕೆ ಬಂದ ಮೇಲೆ ತುಕ್ಕು ಪೂರ್ತಿ ಹೋಗೋತನಕ ಉಪ್ಪುಕಾಗದ ಹಾಕಿ. ಗುಳಿಯೊಳಗೆ ಕೂತ ತುಕ್ಕಿಗೆ ರಸ್ಟ್ ರಿಮೂವರ್, ಅದು ಫಾಸ್ಫಾರಿಕ್ ಆಸಿಡ್, ಡಬ್ಬದ ಮೇಲೆ ಹೇಳಿದ ಹಾಗೆ ತೊಳೆದು ತೆಗೀಬೇಕು. ಆಮೇಲೆ ಒಣಗಿಸೋದು. ಇದೇ ನಮ್ಮ ಕಡೆ ಕಷ್ಟದ ಭಾಗ. ಆಷಾಢದಲ್ಲಿ ತಗಡು ಮುಟ್ಟಿದರೆ ಒಣಗಿದೆ ಅನಿಸ್ತದೆ, ಒಣಗಿರಲ್ಲ. ಹಾಟ್ ಏರ್ ಗನ್ ಅಥವಾ ಹ್ಯಾಲೋಜನ್ ಲೈಟ್ ಹಿಡಿದು ತಗಡು ಕೈಗೆ ಬೆಚ್ಚಗಾಗೋ ತನಕ ಬಿಡಿ. ಅಡಿಕೆ ಒಲೆ ಹತ್ತಿರ ಗಾಡಿ ನಿಲ್ಲಿಸೋ ಬುದ್ಧಿ ಮಾತ್ರ ಮಾಡಬೇಡಿ, ಪಕ್ಕದಲ್ಲಿ ಥಿನ್ನರ್ ಡಬ್ಬ ಇರ್ತದೆ.

ಬೆಚ್ಚಗಿರುವಾಗ ಥಿನ್ನರ್ ಬಟ್ಟೆಯಲ್ಲಿ ಒರೆಸಿ, ತಣಿದ ಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೈ. ಎರಡು ಡಬ್ಬ ಸೇರಿಸಿ ಕಲಸೋ ಜಾತಿ ಕೇಳಿ ತನ್ನಿ. ಅಂಗಡಿಯವರು ರೆಡ್ ಆಕ್ಸೈಡ್ ಕೊಡೋಕೆ ನೋಡ್ತಾರೆ, ಗೇಟಿಗೆ ಹೊಡೆಯೋದು. ಅದು ನೀರು ಪೂರ್ತಿ ತಡೆಯಲ್ಲ. ಎಪಾಕ್ಸಿಗೆ ಬಿಸಿಲಾಗಲ್ಲ, ತಿಂಗಳುಗಟ್ಟಲೆ ಬಿಸಿಲಿಗೆ ಬಿಟ್ಟರೆ ಮೇಲೆ ಪುಡಿ ಪುಡಿ ಆಗ್ತದೆ, ಆದರೆ ನಿಮ್ಮದು ಒಂದು ಸೀಸನ್ನಿನ ಮಾತು. ಬೇಕಾದ್ರೆ ಮೇಲೊಂದು ಕೈ ಬಿಳಿ ಬಳಿದುಬಿಡಿ. ಫೆಬ್ರವರಿಗೆ ಹೇಗೂ ಉಜ್ಜಿಯೇ ಮುಂದಿನ ಕೆಲಸ.

ತಗಡಿನ ಒಳಮೈ ಮರೀಬೇಡಿ. ಹೊರಗೆ ಮಡಿಕೆ ಬಿದ್ದ ಕಡೆ ಒಳಗೂ ಬಣ್ಣ ಒಡೆದಿರ್ತದೆ, ಅದು ಫೋಟೊದಲ್ಲಿ ಬರಲ್ಲ. ಬಾಡಿಯ ಕೆಳ ಅಂಚಲ್ಲಿ ನೀರು ಹೋಗೋ ತೂತು ಇರ್ತದೆ, ಅಲ್ಲಿ ಸೊಪ್ಪು, ದರಗು, ಸಗಣಿ ಗೊಬ್ಬರ ಕೂತು ಮುಚ್ಚಿಹೋಗಿರೋದೇ ಹೆಚ್ಚು. ಕಡ್ಡಿ ಹಾಕಿ ತೆಗೀರಿ. ಮಲೆನಾಡ ಪಿಕಪ್‌ಗಳು ಕೊಳೆಯೋದು ಒಳಗಿಂದ ಹೊರಗೆ.


ಕೋಣಂದೂರು ಕೃಷಿಕ:

ಭದ್ರಾವತಿಯವರೇ, ಪಾಲಿಸಿ ನೋಡಿದೆ. 21 ಇದೆ, 23 ಇಲ್ಲ! ಮುಂದಿನ ಸಲ ಏಜೆಂಟ್ ಬಂದಾಗ ಮಾತಾಡ್ತೀನಿ. ಕ್ಲೇಮ್ ಕಥೆ ಅಲ್ಲಿಗೆ ಮುಗೀತು.

ಸಾಗರದ ಅಣ್ಣ, ಕತ್ತಿ ಅದ್ದೋದು ನಮ್ಮಪ್ಪನ ಕಾಲದಿಂದ ಮಾಡ್ತಾ ಬಂದಿದೀವಿ, ಗಾಡಿಗೂ ಅದೇ ಆಗ್ತದೆ ಅಂತ ಹೊಳೆದಿರಲಿಲ್ಲ. ಇವತ್ತು ಡ್ರಮ್ ಇಳಿಸಿದ ಮೇಲೆ ಪೈಪ್ ಹಿಡಿದು ಬಾಡಿ ಒಳಗೆಲ್ಲ ತೊಳೆಸಿದೆ. ಎಡಗಡೆ ತೂತು ಎರಡೂ ಕಟ್ಟಿತ್ತು.

ಎರಡು ಪ್ರಶ್ನೆ ಉಳೀತು. ಪುಟ್ಟಿಯನ್ನೂ ಈಗಲೇ ಹಾಕಿಸಿಬಿಟ್ರೆ ಏನಾಗ್ತದೆ? ಗುಂಡಿ ಕಾಣೋ ಹಾಗೆ ಓಡಿಸೋಕೆ ಹುಡುಗನಿಗೆ ನಾಚಿಕೆಯಂತೆ. ಇನ್ನೊಂದು, ಬಿಳಿ ಬಣ್ಣವೇ ಅಲ್ವಾ, ಆ ಜಾಗಕ್ಕಷ್ಟೇ ಹೊಡೆದ್ರೆ ಸಾಲದಾ, ಎಡಗಡೆ ಪೂರ್ತಿ ಯಾಕೆ?


ಸಾಗರದ ಟಿಂಕರ್:

ಹುಡುಗನ ನಾಚಿಕೆಗೆ ಪುಟ್ಟಿ ಮದ್ದಲ್ಲ ಕಣ್ರೀ.

ಪುಟ್ಟಿ ನೀರು ಹೀರ್ತದೆ. ಒಣಗಿದ ಮೇಲೂ ಹೀರ್ತದೆ. ಮೇಲೆ ಬಣ್ಣ ಇಲ್ಲದೆ ಮಳೇಲಿ ಓಡಿಸಿದರೆ ಕುಡಿದ ನೀರೆಲ್ಲ ಒಳಗೇ ಇಟ್ಟುಕೊಂಡಿರ್ತದೆ. ಮೇಲಿಂದ ಬಣ್ಣ ಹೊಡೆದ ಮೇಲೆ ಬಿಸಿಲು ಬಿದ್ದಾಗ ಆ ನೀರು ಹೊರಗೆ ಬರೋಕೆ ನೋಡ್ತದೆ, ಗುಳ್ಳೆ ಏಳ್ತದೆ. ಬಹಳ ಕಡೆ ಪುಟ್ಟಿಯನ್ನೇ ನೀರು ಹಾಕ್ಕೊಂಡು ವಾಟರ್ ಪೇಪರಲ್ಲಿ ಉಜ್ಜುತಾರೆ, ಧೂಳು ಏಳಲ್ಲ, ಕೈಗೆ ಸುಖ. ನಮ್ಮ ಹವಾಕ್ಕೆ ಅದು ಬೇಡವೇ ಬೇಡ. ಪುಟ್ಟಿ ಒಣ ಉಜ್ಜೋದು, 80ರ ಕಾಗದದಿಂದ ಶುರು ಮಾಡಿ 180, ಆಮೇಲೆ 320, ಮರದ ತುಂಡಿಗೆ ಸುತ್ತಿಕೊಂಡು. ವಾಟರ್ ಪೇಪರ್ ಏನಿದ್ರೂ ಪುಟ್ಟಿ ಮೇಲೆ ಹೊಡೆಯೋ ಸರ್ಫೇಸರ್ ಮೇಲೆ ಮಾತ್ರ.

ದಪ್ಪ ಎಷ್ಟು ಅಂತಾನೂ ಕೇಳಿ. ತಗಡು ಸರಿಯಾಗಿ ಎತ್ತಿದ್ರೆ ಪುಟ್ಟಿ ಎರಡು ಮೂರು ಮಿಲಿಮೀಟರ್ ದಾಟಬಾರದು. ಗುಂಡಿಯನ್ನ ಹಾಗೇ ಬಿಟ್ಟು ಪುಟ್ಟಿ ತುಂಬಿಸಿದರೆ ನಿಮ್ಮ ತೋಟದ ರಸ್ತೇಲಿ ಲೋಡ್ ಗಾಡಿ ಕುಲುಕಿದಾಗ ಚಕ್ಕೆಯಾಗಿ ಬೀಳ್ತದೆ. ಪರೀಕ್ಷೆ ಸುಲಭ, ಕೆಲಸ ಮುಗಿದ ಮೇಲೆ ಅಯಸ್ಕಾಂತ ಇಟ್ಟು ನೋಡಿ. ಒಳ್ಳೆ ತಗಡಿಗೆ ಕಚ್ಚಿ ಹಿಡಿದ ಅಯಸ್ಕಾಂತ ಪುಟ್ಟಿ ಮೇಲೆ ಜಾರಿ ಬಿತ್ತು ಅಂದ್ರೆ ಒಳಗೆ ಗುಂಡಿ ಹಾಗೇ ಇದೆ.

ಹಾರ್ಡ್ನರ್ ವಿಷಯದಲ್ಲಿ ಮಳೆಗಾಲದ ಟಿಂಕರ್‌ಗಳಿಗೆ ಅವಸರ ಜಾಸ್ತಿ. ನೂರು ಗ್ರಾಂ ಪುಟ್ಟಿಗೆ ಎರಡು ಗ್ರಾಂ ಸುಮಾರಿಗೆ ಸಾಕು. ಬೇಗ ಗಟ್ಟಿಯಾಗಲಿ ಅಂತ ಜಾಸ್ತಿ ಹಿಂಡಿದರೆ ಆ ಕೆಂಪು ಪೇಸ್ಟು ಮೇಲಿನ ಬಣ್ಣದೊಳಗೆ ಇಳಿದು ಕಲೆ ಮೂಡಿಸ್ತದೆ. ಬಿಳಿ ಗಾಡೀಲಿ ಅದು ಎದ್ದು ಕಾಣ್ತದೆ.

ಬಿಳಿ ಅಂದ್ರಲ್ಲ. ಬಿಳಿಯಷ್ಟು ಕಾಟ ಕೊಡೋ ಬಣ್ಣ ಇಲ್ಲ. ಕಂಪನಿ ಕಂಪನಿಗೂ ಬಿಳಿ ಬೇರೆ, ಸ್ವಲ್ಪ ಹಳದಿ, ಸ್ವಲ್ಪ ನೀಲಿ. ಅದರ ಮೇಲೆ ನಿಮ್ಮ ಗಾಡಿ ಬಿಸಿಲು, ಧೂಳು ತಿಂದಿದೆ. ಕಂಪನಿ ಕೋಡ್ ಕೊಟ್ಟು ತಂದ ಹೊಸ ಬಿಳಿಯನ್ನ ನಡುವಿಗೆ ಹೊಡೆದ್ರೆ ತೇಪೆ ಹಾಕಿದ ಹಾಗೇ ಕಾಣ್ತದೆ. ಅದಕ್ಕೇ ಒಂದು ತಗಡು ಅಂದ್ರೆ ಆ ತಗಡಿನ ಅಂಚಿನ ತನಕ ಹೊಡೆಯೋದು, ಕಣ್ಣು ಅಂಚಲ್ಲಿ ವ್ಯತ್ಯಾಸ ಹುಡುಕಲ್ಲ. ನಿಮಗೆ ಹಿಂದಿನ ಬಾಡಿಯ ಎಡ ತಗಡು ಪೂರ್ತಿ ಬೇಕು. ಬಾಗಿಲಿಗೆ ಟಚಪ್, ಪಾಲಿಶ್ ಸಾಕು. ಕ್ಯಾಬಿನ್ನಿಗೂ ಬಾಡಿಗೂ ನಡುವೆ ಸಂದಿ ಇದೆ, ಅಲ್ಲಿ ಒಂಚೂರು ಬೇರೆ ಕಂಡರೆ ಯಾರೂ ನೋಡಲ್ಲ. 22 ಸಾವಿರದಲ್ಲಿ ಬಾಗಿಲು, ಮುಂದಿನ ಫೆಂಡರ್ ಎಲ್ಲ ಸೇರಿಸಿದಾರೆ ಅನಿಸ್ತದೆ. ಲೋಡ್ ಗಾಡಿಗೆ ಅಷ್ಟು ಬೇಡ.

ಬಣ್ಣ ಕೊಳ್ಳುವಾಗ ಬಾಗಿಲ ಹತ್ತಿರದ ಪ್ಲೇಟು, ಸ್ಟಿಕ್ಕರಲ್ಲಿ ಕೋಡ್ ಇದೆಯಾ ನೋಡಿ. ಅದರ ಜೊತೆಗೆ ಡೀಸೆಲ್ ಟ್ಯಾಂಕಿನ ಮುಚ್ಚಳವೋ ಏನಾದ್ರೂ ಬಿಚ್ಚೋಕೆ ಬರೋ ಬಿಳಿ ಭಾಗ ಇದ್ದರೆ ಅದನ್ನೂ ಮಿಕ್ಸಿಂಗ್ ಅಂಗಡಿಗೆ ತಗೊಂಡು ಹೋಗಿ, ಕಣ್ಣಳತೆಗೆ ಹೊಂದಿಸಿಕೊಡ್ತಾರೆ.

ಮಳೇಲಿ ಬಣ್ಣ ಯಾಕೆ ಬೇಡ ಅಂತಾನೂ ಹೇಳಿಬಿಡ್ತೀನಿ. ಥಿನ್ನರ್ ಆರುವಾಗ ತಗಡನ್ನ ತಣ್ಣಗೆ ಮಾಡ್ತದೆ. ಗಾಳೀಲಿ ತೇವ ತುಂಬಿದ್ದರೆ ಅದು ಬಣ್ಣದ ಮೇಲೆ ಬೆವರಿನ ಹಾಗೆ ಕೂತು ಮಂಜು ಕವಿದ ಹೊಳಪು ಬರ್ತದೆ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣಕ್ಕೆ, ಹಳಬರು ಡುಕೋ ಅಂತಿದ್ರಲ್ಲ, ಅದಕ್ಕೆ ಈ ಕಾಯಿಲೆ ಜಾಸ್ತಿ. ಹಾರ್ಡ್ನರ್ ಹಾಕೋ ಟೂ-ಕೆ ಬಣ್ಣಕ್ಕೂ ತೇವ ಆಗಲ್ಲ. ಬಿಸಿ ಗಾಳಿಯ ಬೂತ್ ಇರೋರು ಮಳೇಲೂ ಹೊಡೀತಾರೆ, ಅದರ ಖರ್ಚೂ ಬಿಲ್ಲಿನಲ್ಲಿ ಇರ್ತದೆ.

ಬೊಮ್ಮನಕಟ್ಟೆ ತಮ್ಮಾ, ಮನೇಲೇ ಹೊಡ್ಕೊಳ್ಳಿ ಅಂದ್ಯಲ್ಲ. ಟೂ-ಕೆ ಬಣ್ಣದ ಹಾರ್ಡ್ನರಲ್ಲಿ ಐಸೊಸಯನೇಟ್ ಇರ್ತದೆ, ಒಳಗೆ ಹೋದ್ರೆ ಆಸ್ತಮಾ ತರ್ತದೆ, ಒಂದು ಸಲ ಹಿಡಿದರೆ ಬಿಡೋದಲ್ಲ. ಬಟ್ಟೆ ಕಟ್ಟಿಕೊಂಡರೆ, ಧೂಳಿನ ಮಾಸ್ಕ್ ಹಾಕಿಕೊಂಡರೆ ತಡೆಯಲ್ಲ. ಕೊಟ್ಟಿಗೆ ಒಳಗೆ ನಿಂತು ಹೊಡೆಯೋ ವಸ್ತು ಅಲ್ಲ ಅದು.


ಬೊಮ್ಮನಕಟ್ಟೆ ಹುಡುಗ:

ಸರಿ ಗುರುಗಳೇ, ಒಪ್ಪಿದೆ. ಆದ್ರೂ ಲೋಡ್ ಗಾಡಿಗೆ ಇಷ್ಟೆಲ್ಲ ಬೇಕಾ? ನಮ್ಮ ಮಾವ ಎನಾಮಲ್ ಡಬ್ಬ ತಂದು ಬ್ರಷ್ಷಲ್ಲೇ ಬಳೀತಾರೆ, ಗಾಡಿ ಇನ್ನೂ ಓಡ್ತಿದೆ.


ಸಾಗರದ ಟಿಂಕರ್:

ಮಾವ ಜಾಣ. ತುಕ್ಕು ಉಜ್ಜಿ, ಅಡಿಗೆ ಪ್ರೈಮರ್ ಕೊಟ್ಟು ಬಳೀತಿದ್ರೆ ನನ್ನ ತಕರಾರಿಲ್ಲ, ಅಂದ ಅವರವರ ಇಷ್ಟ. ತುಕ್ಕಿನ ಮೇಲೇ ಬಳೀತಿದ್ರೆ ಒಂದ್ಸಲ ಸ್ಕ್ರೂಡ್ರೈವರ್ ತುದೀಲಿ ಒತ್ತಿ ನೋಡೋಕೆ ಹೇಳು.


ಹೊಸನಗರ ಟ್ರಾನ್ಸ್‌ಪೋರ್ಟ್:

ಒಂದು ವಿಷಯ ಯಾರೂ ಹೇಳಲಿಲ್ಲ. 2016ರ ಗಾಡಿ, ಎಂಟು ವರ್ಷ ದಾಟಿದೆ, ಅಂದ್ರೆ ವರ್ಷಾ ವರ್ಷ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್). ಪಕ್ಕಕ್ಕೆ ಅಂಟಿಸಿರೋ ಹಳದಿ ರಿಫ್ಲೆಕ್ಟರ್ ಟೇಪು ಧರೆಗೆ ಒರೆಸಿ ಹೋಗಿರುತ್ತೆ, ಫೋಟೊದಲ್ಲೂ ಕಾಣ್ತಿಲ್ಲ. ಎಫ್‌ಸಿಗೆ ಹೋದಾಗ ಅದನ್ನೇ ಮೊದಲು ಕೇಳ್ತಾರೆ. ಪಕ್ಕಕ್ಕೆ ಹಳದಿ, ಹಿಂದೆ ಕೆಂಪು, ಮುಂದೆ ಬಿಳಿ. ಮಂಜು ಬಿದ್ದ ಬೆಳಗಿನ ಜಾವ ಘಾಟಿಯಲ್ಲಿ ಓಡಿಸೋರಿಗೆ ಎಫ್‌ಸಿ ಇಲ್ಲದಿದ್ರೂ ಅದು ಬೇಕು. ನಿಮ್ಮ ಎಫ್‌ಸಿ ಯಾವಾಗ?


ಕೋಣಂದೂರು ಕೃಷಿಕ:

ಎಫ್‌ಸಿ ಮಾರ್ಚ್ ಕೊನೆಗೆ. ಹಾಗಾದ್ರೆ ಫೆಬ್ರವರಿಗೆ ಬಣ್ಣ ಮುಗಿಸಿದ್ರೆ ಸರಿಹೋಗ್ತದೆ.

ನಮ್ಮ ಟಿಂಕರ್ ಹತ್ತಿರ ಮಾತಾಡಿದೆ. ತಗಡು ಎತ್ತಿ ಎಪಾಕ್ಸಿ ಹೊಡೆದು ಕೊಡೋಕೆ ಒಪ್ಪಿದಾರೆ, ಶನಿವಾರ ಬೆಳಿಗ್ಗೆ ಬಿಟ್ಟರೆ ಭಾನುವಾರ ಸಂಜೆಗೆ ಗಾಡಿ. ಎಪಾಕ್ಸಿ ನೀವೇ ತನ್ನಿ ಅಂದ್ರು, ಸೋಮವಾರ ಶಿವಮೊಗ್ಗಕ್ಕೆ ಹೋದವ ತಂದಿಟ್ಟಿದೀನಿ. ಅಯಸ್ಕಾಂತದ ಮಾತು ಎತ್ತಿದಾಗ ಒಂದು ಥರ ನೋಡಿದ್ರು. ಟೇಪ್ ಈಗ ಪ್ರೈಮರ್ ಮೇಲೇ ಅಂಟಿಸಬಹುದಾ?


ಸಾಗರದ ಟಿಂಕರ್:

ಅಂಟಿಸಿ, ಆದರೆ ಪ್ರೈಮರ್ ಹೊಡೆದ ಮಾರನೇ ದಿನವೇ ಬೇಡ, ಒಂದು ವಾರ ಬಿಡಿ. ಫೆಬ್ರವರಿಗೆ ಕಿತ್ತು ಹೊಸದು ಹಾಕಬೇಕಾಗ್ತದೆ, ಹಾಗಾಗಿ ಈಗ ತುಂಡು ತುಂಡು ಅಂಟಿಸಿದರೂ ಸಾಕು. ಶನಿವಾರ ಗಾಡಿ ಬಿಡೋಕೆ ಮುಂಚೆ ಬಾಡಿ ಖಾಲಿ ಮಾಡಿ, ಒಳಗಡೆ ರಬ್ಬರ್ ಮ್ಯಾಟ್ ಇದ್ದರೆ ಎತ್ತಿಸಿ. ಅದರ ಅಡಿಗೆ ಏನಿದೆ ಅಂತ ನೋಡಿ ಇಲ್ಲಿ ಫೋಟೊ ಹಾಕಿ.